ಪಫ್ ಉಬ್ಬುವುದು ಹೇಗೆ? ನೆಂಟರು ಬರುವ ಸಂಜೆಗೆ ಬೆಣ್ಣೆ ಮತ್ತು ಆವಿಯ ಲೆಕ್ಕ

ಸಂಜೆ ನಾಲ್ಕರ ಹೊತ್ತಿಗೆ ಬೇಕರಿಯ ಗಾಜಿನ ಪೆಟ್ಟಿಗೆಯೊಳಗೆ ಬಿಸಿ ಪಫ್ ಬಂದು ಕೂರುತ್ತದೆ. ಕಾಗದದ ಚೂರಿನ ಮೇಲಿಟ್ಟು ಕೊಡುತ್ತಾರೆ. ಒಂದು ಸಲ ಕಚ್ಚಿದರೆ ಸಾಕು, ಅಂಗಿಯ ತುಂಬ ಹೊಟ್ಟು. ಇದನ್ನು ಮನೆಯಲ್ಲಿ ಮಾಡುವ ಯೋಚನೆ ನಮ್ಮ ಹಿರಿಯರಿಗೆ ಬರಲಿಲ್ಲ. ಮನೆಯಲ್ಲಿ ಓವನ್ ಇರಲಿಲ್ಲ, ಅಷ್ಟೇ ಕಾರಣ. ಈಗ ಬಹಳಷ್ಟು ಅಡುಗೆಮನೆಗಳಲ್ಲಿ ಓಟಿಜಿ ಎಂಬ ಪುಟ್ಟ ವಿದ್ಯುತ್ ಓವನ್ ಇದೆ. ಸೂಪರ್ ಮಾರ್ಕೆಟ್ಟಿನ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದ ಪಫ್ ಹಾಳೆಗಳು ಸಿಗುತ್ತವೆ. ನೆಂಟರು ಬಂದಾಗ ಅವರು ನಡುಮನೆಯಲ್ಲಿ ಮಾತಾಡುತ್ತಿದ್ದರೆ ನಾವು ಒಳಗೆ ಬೋಂಡ ಕರಿಯುತ್ತ ನಿಲ್ಲುವುದಕ್ಕಿಂತ ಮೊದಲೇ ಮಾಡಿಟ್ಟ ಪಫ್ಪನ್ನು ಓವನ್ನಿಗೆ ತಳ್ಳಿ ಹೊರಗೆ ಬಂದು ಕೂರುವುದು ಸುಖ.

ನಾನು ಮೊದಲ ಸಲ ಮಾಡಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಓವನ್ನಿನ ಕಿಟಕಿಯಿಂದ ನೋಡಿದರೆ ಪಫ್‌ಗಳು ಉಬ್ಬುವ ಬದಲು ತಮ್ಮದೇ ಬೆಣ್ಣೆಯಲ್ಲಿ ತೇಲುತ್ತಿದ್ದವು. ಬೇಯುತ್ತಿರಲಿಲ್ಲ, ಕರಿಯುತ್ತಿದ್ದವು. ಹೊರತೆಗೆದಾಗ ಸಿಕ್ಕಿದ್ದು ಚಪ್ಪಟೆಯಾದ, ಎಣ್ಣೆ ಕುಡಿದ ಮೈದಾ ಬಿಸ್ಕತ್ತು. ಪಾಕವಿಧಾನದಲ್ಲಿ ಬರೆದದ್ದನ್ನೆಲ್ಲ ಮಾಡಿದ್ದೆ. ಯಾವುದನ್ನು ಏಕೆ ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ. ಪಫ್‌ನ ನಿಯಮಗಳೆಲ್ಲ ಹುಟ್ಟುವುದು ಒಂದೇ ಬೇಡಿಕೆಯಿಂದ: ಓವನ್ ಸೇರುವವರೆಗೆ ಬೆಣ್ಣೆ ಕರಗಕೂಡದು, ಓವನ್ ಸೇರಿದ ಮೇಲೆ ಶಾಖ ತಡಮಾಡಕೂಡದು. ಇದು ತಲೆಯಲ್ಲಿ ಕೂತರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಪದರ ಎಂದರೇನು?

ಪಫ್ ಹಿಟ್ಟಿನಲ್ಲಿ ಇರುವುದು ಮೈದಾ, ನೀರು, ಉಪ್ಪು, ಬೆಣ್ಣೆ. ಬ್ರೆಡ್‌ಗೆ ಹಾಕುವ ಯೀಸ್ಟ್ ಇಲ್ಲ, ಕೇಕ್‌ಗೆ ಹಾಕುವ ಬೇಕಿಂಗ್ ಪೌಡರ್ ಇಲ್ಲ, ಸೋಡಾ ಇಲ್ಲ. ಆದರೂ ಮೂರು ಮಿಲಿಮೀಟರ್ ದಪ್ಪದ ಹಾಳೆ ಎರಡು ಮೂರು ಸೆಂಟಿಮೀಟರ್ ಏಳುತ್ತದೆ. ಅದು ಏಳುವುದು ಪದರಗಳಿಂದ.

ಪದರದ ವಿದ್ಯೆ ನಮಗೆ ಹೊಸದೇನಲ್ಲ. ಮದುವೆ ಊಟದಲ್ಲಿ ಬಾದಾಮಿ ಹಾಲು ಹುಯ್ಯಿಸಿಕೊಂಡು ತಿನ್ನುವ ಚಿರೋಟಿಯನ್ನು ನೆನೆಸಿಕೊಳ್ಳಿ. ತೆಳ್ಳಗೆ ಲಟ್ಟಿಸಿದ ಹಾಳೆಗಳಿಗೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿದ ಸಾಟಿ ಸವರಿ, ಒಂದರ ಮೇಲೊಂದು ಪೇರಿಸಿ, ಸುರುಳಿ ಸುತ್ತಿ, ತುಂಡು ಮಾಡಿ, ಹಗುರ ಕೈಯಲ್ಲಿ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಸಾಟಿ ಇದ್ದಲ್ಲಿ ಹಿಟ್ಟು ಹಿಟ್ಟಿಗೆ ಅಂಟುವುದಿಲ್ಲ, ಹಾಳೆಗಳು ಹೂವಿನ ದಳದ ಹಾಗೆ ಬಿಡಿಸಿಕೊಳ್ಳುತ್ತವೆ. ಪಫ್‌ನಲ್ಲಿ ಸಾಟಿಯ ಜಾಗದಲ್ಲಿ ಗಟ್ಟಿ ಬೆಣ್ಣೆ, ಎಣ್ಣೆಯ ಜಾಗದಲ್ಲಿ ಓವನ್. ಪಫ್ ಹಿಟ್ಟಿಗೆ ಫ್ರೆಂಚರು ಇಟ್ಟ ಹೆಸರಿನ ಮೂಲದಲ್ಲಿ ಇರುವುದೂ ಎಲೆ ಎಂಬ ಪದವೇ. ಅದರಿಂದ ಮಾಡುವ ಅವರ ಒಂದು ಸಿಹಿತಿಂಡಿಯ ಹೆಸರು ಮಿಲ್‌ಫಾಯ್, ಅಂದರೆ ಸಾವಿರ ಎಲೆ.

ಸಾವಿರ ಎಂದದ್ದು ಅಷ್ಟೇನೂ ಉತ್ಪ್ರೇಕ್ಷೆಯಲ್ಲ. ಶಾಸ್ತ್ರೀಯ ಕ್ರಮದಲ್ಲಿ ಹಿಟ್ಟಿನ ಹಾಳೆಯೊಳಗೆ ಬೆಣ್ಣೆಯ ಹಲಗೆಯೊಂದನ್ನು ಲಕೋಟೆಯಲ್ಲಿಟ್ಟಂತೆ ಇಟ್ಟು ಮುಚ್ಚುತ್ತಾರೆ. ಅದನ್ನು ಉದ್ದಕ್ಕೆ ಲಟ್ಟಿಸಿ, ಇನ್‌ಲ್ಯಾಂಡ್ ಲೆಟರ್ ಮಡಿಸುತ್ತಿದ್ದೆವಲ್ಲ, ಹಾಗೆ ಮೂರಾಗಿ ಮಡಿಸುತ್ತಾರೆ. ಇದ್ದ ಒಂದು ಬೆಣ್ಣೆ ಪದರ ಮೂರಾಯಿತು. ಮತ್ತೆ ಲಟ್ಟಿಸಿ ಮಡಿಸಿದರೆ ಒಂಬತ್ತು, ಮತ್ತೊಮ್ಮೆಗೆ 27, ಆಮೇಲೆ 81, 243. ಆರನೆಯ ಮಡಿಕೆಗೆ 729. ಹೀಗೆ ಆರು ಮಡಿಕೆಯಲ್ಲಿ ಏಳುನೂರು ದಾಟುತ್ತದೆ. ಇನ್ನೂ ಮಡಿಸಿದರೆ ಇನ್ನೂ ಒಳ್ಳೆಯದಾಗುತ್ತದೆ ಎಂದು ಮಾತ್ರ ತಿಳಿಯಬಾರದು. ಪದರ ತೀರ ತೆಳುವಾದರೆ ಬೆಣ್ಣೆ ಹಿಟ್ಟಿನೊಳಗೇ ಬೆರೆತುಹೋಗುತ್ತದೆ, ಗಡಿ ಅಳಿಸುತ್ತದೆ.

ಈ ಗಡಿಯನ್ನು ಕಾಯುವುದು ಹೇಗೆ ಎಂಬುದಕ್ಕೆ ಹೋಳಿಗೆ ಮಾಡಿದವರ ಕೈಯಲ್ಲಿ ಉತ್ತರವಿದೆ. ಕಣಕ ಗಟ್ಟಿಯಾಗಿ ಹೂರಣ ಮೆತ್ತಗಾದರೆ ಲಟ್ಟಿಸುವಾಗ ಹೂರಣ ಹೊರಗೆ ಬರುತ್ತದೆ. ಹೂರಣ ಗಟ್ಟಿಯಾಗಿ ಕಣಕ ಮೆತ್ತಗಾದರೆ ಕಣಕ ಹರಿಯುತ್ತದೆ. ಎರಡೂ ಒಂದೇ ಹದಕ್ಕಿದ್ದರೆ ಅಂಚಿನವರೆಗೂ ಜೊತೆಜೊತೆಯಾಗಿ ಹರಡುತ್ತವೆ. ಮೈದಾ ಹಿಟ್ಟು ಮತ್ತು ಬೆಣ್ಣೆಯ ನಂಟೂ ಇದೇ. ಕಲ್ಲಿನಂತೆ ಹೆಪ್ಪುಗಟ್ಟಿದ ಬೆಣ್ಣೆ ಲಟ್ಟಣಿಗೆಯ ಕೆಳಗೆ ಒಡೆದು ಚೂರಾಗಿ ಹಿಟ್ಟನ್ನು ತೂತು ಮಾಡುತ್ತದೆ. ಮೆತ್ತಗಾದ ಬೆಣ್ಣೆ ಹಿಟ್ಟಿನೊಳಗೆ ಇಂಗುತ್ತದೆ. ಬಾಗಿಸಿದರೆ ಮುರಿಯದೆ ಬಾಗುವ, ಬೆರಳು ಒತ್ತಿದರೆ ಗುರುತು ಬೀಳುವ ಆದರೆ ಬೆರಳಿಗೆ ಜಿಡ್ಡು ಅಂಟದ ಬೆಣ್ಣೆ ಬೇಕು. ಸುಮಾರು 13ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣ್ಣೆ ಹೀಗಿರುತ್ತದೆ. ನಮ್ಮ ಅಡುಗೆಮನೆಗಳು ವರ್ಷದ ಬಹುಭಾಗ 25 ದಾಟಿಯೇ ಇರುತ್ತವೆ. ಏಪ್ರಿಲ್‌ನ ನನ್ನ ಬೆಣ್ಣೆ ಓವನ್ ಸೇರುವ ಮೊದಲೇ ಸೋತಿತ್ತು.

ಉಬ್ಬಿಸುವುದು ಆವಿ

ಓವನ್ನಿನ ಬಿಸಿ ತಾಗಿದಾಗ ಒಳಗೆ ಮೂರು ಸಂಗತಿಗಳು ಸಾಲಾಗಿ ನಡೆಯುತ್ತವೆ. 35 ಡಿಗ್ರಿಯ ಆಸುಪಾಸಿನಲ್ಲಿ ಬೆಣ್ಣೆ ಕರಗುತ್ತದೆ. ಅದು ಕರಗಿದರೂ ಜಾಗ ಬಿಟ್ಟು ಓಡದಿದ್ದರೆ ಎರಡು ಹಿಟ್ಟಿನ ಹಾಳೆಗಳ ನಡುವೆ ಜಿಡ್ಡಿನ ಪರದೆಯಾಗಿ ನಿಂತು ಅವು ಅಂಟದಂತೆ ತಡೆಯುತ್ತದೆ. ಆಮೇಲೆ ನೀರು ಕುದಿಯುತ್ತದೆ. ನೀರು ಹಿಟ್ಟಿನಲ್ಲೂ ಇದೆ, ಬೆಣ್ಣೆಯಲ್ಲೂ ಇದೆ. ಪೊಟ್ಟಣದ ಬೆಣ್ಣೆಯಲ್ಲಿ ಕನಿಷ್ಠ ಶೇ 80 ಕೊಬ್ಬು ಇರಬೇಕು, ನೀರು ಶೇ 16 ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ನೀರು ಆವಿಯಾದರೆ ಅದರ ಗಾತ್ರ 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಒಂದು ಟೀ ಚಮಚ ನೀರಿನ ಆವಿ ಐದು ಲೀಟರಿನ ಕುಕ್ಕರನ್ನು ತುಂಬಿ ಇನ್ನೂ ಮಿಗುತ್ತದೆ. ಹೊರಗೆ ಹೋಗಲು ದಾರಿ ಸಿಗದ ಆವಿ ಮೇಲಿನ ಹಾಳೆಯನ್ನು ಎತ್ತುತ್ತದೆ. ಪೂರಿ ಉಬ್ಬುವುದೂ ಹೀಗೆಯೇ. ಪೂರಿಗೆ ಒಂದೇ ಹೊಟ್ಟೆ, ಪಫ್‌ಗೆ ನೂರಾರು.

ಮೂರನೆಯದು ಗೋಡೆ ಗಟ್ಟಿಯಾಗುವುದು. ಮೈದಾದಲ್ಲಿರುವ ಪಿಷ್ಟ ಮತ್ತು ಗ್ಲುಟೆನ್ ಎಂಬ ಜಿಗುಟು ಪ್ರೋಟೀನು ಬಿಸಿಗೆ ಬೆಂದು, ಒಣಗಿ, ಎದ್ದ ಹಾಳೆಗಳನ್ನು ಎದ್ದಲ್ಲೇ ನಿಲ್ಲಿಸುತ್ತವೆ. ಬೆಣ್ಣೆ ಕರಗುವುದಕ್ಕೂ ಆವಿ ಏಳುವುದಕ್ಕೂ ನಡುವೆ ಸಮಯ ಕಡಿಮೆ ಇದ್ದಷ್ಟೂ ಒಳ್ಳೆಯದು. ಓವನ್ ಸರಿಯಾಗಿ ಕಾಯದಿದ್ದರೆ ಈ ನಡುವಿನ ಹೊತ್ತಿನಲ್ಲಿ ಬೆಣ್ಣೆ ಟ್ರೇಗೆ ಹರಿದುಬಿಡುತ್ತದೆ. ಆಮೇಲೆ ಆವಿ ಬಂದರೂ ಎತ್ತಲು ಹಾಳೆಗಳೇ ಬಿಡಿಯಾಗಿ ಉಳಿದಿರುವುದಿಲ್ಲ.

ಬೆಣ್ಣೆಯೋ, ಮಾರ್ಜರಿನ್ನೋ, ತುಪ್ಪವೋ?

ಬೇಕರಿಗಳಲ್ಲಿ ಪಫ್‌ಗೆ ಹೆಚ್ಚಾಗಿ ಬಳಸುವುದು ಮಾರ್ಜರಿನ್. ಇದು ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಗಟ್ಟಿ ಕೊಬ್ಬು. ಪಫ್‌ಗೆಂದೇ ತಯಾರಾಗುವ ಬಗೆ 40 ಡಿಗ್ರಿ ದಾಟಿದ ಮೇಲೆಯೇ ಪೂರ್ತಿ ಕರಗುತ್ತದೆ. ಹೀಗಾಗಿ ಫ್ಯಾನಿನ ಕೆಳಗೆ, ಬಿಸಿ ಒಲೆಯ ಪಕ್ಕದಲ್ಲೂ ಲಟ್ಟಿಸಬಹುದು, ಬೆಲೆಯೂ ಕಡಿಮೆ. ಆದರೆ ನಮ್ಮ ಮೈಶಾಖ 37 ಡಿಗ್ರಿ. ಬಾಯಲ್ಲಿ ಕರಗದ್ದು ನಾಲಿಗೆಗೆ, ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ಕೆಲವು ಪಫ್ ತಿಂದ ಮೇಲೆ ಬಿಸಿ ಕಾಫಿ ಕುಡಿದರಷ್ಟೇ ಬಾಯಿ ಹಗುರವಾಗುವುದು ಇದೇ ಕಾರಣಕ್ಕೆ. ಎಣ್ಣೆಯನ್ನು ಅರೆಬರೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂಬ ಕಾರಣಕ್ಕೆ, 2022ರ ಜನವರಿಯಿಂದ ಖಾದ್ಯ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2 ಮೀರಕೂಡದು ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಹೆಪ್ಪುಗಟ್ಟಿದ ಹಾಳೆಯ ಪೊಟ್ಟಣ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿದರೆ ಒಳಗಿರುವುದು ಬೆಣ್ಣೆಯೋ ಮಾರ್ಜರಿನ್ನೋ ಎಂಬುದು ತಿಳಿಯುತ್ತದೆ.

ತುಪ್ಪ ಹಾಕಬಹುದೇ ಎಂದು ಕೇಳುವವರು ಬಹಳ. ತುಪ್ಪ ಎಂದರೆ ನೀರು ತೆಗೆದ ಬೆಣ್ಣೆ. ಆವಿಗೆ ಬೇಕಾದ ನೀರಿನಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ತಣ್ಣಗಾದ ತುಪ್ಪ ಹರಳು ಹರಳಾಗಿರುತ್ತದೆ, ಬೆಣ್ಣೆಯಂತೆ ಹಾಳೆಯಾಗಿ ಹರಡುವುದಿಲ್ಲ. ಚಿರೋಟಿಯಲ್ಲಿ ಅದನ್ನು ಅಕ್ಕಿಹಿಟ್ಟಿನ ಜೊತೆ ಕಲಸುವುದು ಸುಮ್ಮನೆ ಅಲ್ಲ. ಮನೆಯಲ್ಲಿ ಕಡೆದ ಬೆಣ್ಣೆಯ ಕಥೆ ತಿರುಗುಮುರುಗು: ಅದರಲ್ಲಿ ಮಜ್ಜಿಗೆಯ ನೀರು ಹೆಚ್ಚು. ಲಟ್ಟಿಸುವಾಗ ಆ ನೀರು ಬಿಟ್ಟುಕೊಂಡು ಹಿಟ್ಟು ಕೆಸರಾಗುತ್ತದೆ. ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಹಿಸುಕಿ ನೀರು ತೆಗೆದು, ಬಟ್ಟೆಯಲ್ಲಿ ಒತ್ತಿ, ಫ್ರಿಜ್‌ನಲ್ಲಿಟ್ಟು ಬಳಸಬಹುದು. ಮೊದಲ ಸಲಕ್ಕಾದರೂ ನಂದಿನಿ, ಅಮುಲ್‌ನಂಥ ಪೊಟ್ಟಣದ ಬೆಣ್ಣೆಯೇ ಲೇಸು.

ಅಂಗಡಿಯ ಹಾಳೆ ತಂದರೆ

ಅದರಲ್ಲಿ ಮಡಿಕೆಯ ಕೆಲಸವೆಲ್ಲ ಮುಗಿದಿರುತ್ತದೆ. ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ತಟ್ಟಿಗೆ ಇಳಿಸಿ. ಬೆಳಿಗ್ಗೆಗೆ ಬಾಗುವಷ್ಟು ಮೆತ್ತಗಾಗಿ, ಒಳಗಿನ ಬೆಣ್ಣೆ ಗಟ್ಟಿಯಾಗಿಯೇ ಇರುತ್ತದೆ. ಅವಸರಕ್ಕೆ ಹೊರಗಿಟ್ಟರೆ ಅರ್ಧ ಗಂಟೆ ಸಾಕು, ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಮುಟ್ಟಿ ನೋಡುತ್ತಿರಿ. ಹೊರಗೆ ಮೆತ್ತಗಾಗಿ ಒಳಗೆ ಕಲ್ಲಾಗಿರುವಾಗ ಬಿಡಿಸಲು ಹೋದರೆ ಮಡಿಕೆಯ ಗೆರೆಯಲ್ಲೇ ಮುರಿಯುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹಾಗೆಯೇ ಫ್ರೀಜರ್‌ಗೆ ಹಾಕಬೇಡಿ.

ಮನೆಯಲ್ಲೇ ಮಾಡುವುದಾದರೆ

ಬೆಣ್ಣೆಯ ಹಲಗೆ ಮಾಡಿ ಆರು ಸಲ ಮಡಿಸುವ ಶಾಸ್ತ್ರೀಯ ದಾರಿಗೆ ಒಂದು ದಿನವೇ ಬೇಕು. ಅತಿಥಿಗಳಿಗೆ ಕೊಡುವ ಪುಟ್ಟ ತಿಂಡಿಗೆ ಅಷ್ಟು ಬೇಡ. ಬೆಣ್ಣೆಯ ತುಂಡುಗಳನ್ನೇ ಹಿಟ್ಟಿಗೆ ಸೇರಿಸಿ ಮಡಿಸುವ ಒರಟು ಪಫ್ ಸಾಕು. ಪದರಗಳು ಅಷ್ಟು ಸಮವಾಗಿ ಬರುವುದಿಲ್ಲ, ಅಲ್ಲಲ್ಲಿ ಒಂದು ಹೆಚ್ಚು ಇನ್ನೊಂದು ಕಡಿಮೆ ಏಳುತ್ತದೆ. ಗರಿಗರಿತನಕ್ಕೆ ಕೊರತೆ ಇಲ್ಲ.

250 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 110ರಿಂದ 120 ಮಿಲಿಲೀಟರ್ ಐಸ್ ನೀರು, ಒಂದು ಟೀ ಚಮಚ ನಿಂಬೆರಸ. ಬೆಣ್ಣೆಯಲ್ಲಿ ಉಪ್ಪು ಇಲ್ಲದಿದ್ದರೆ ಅರ್ಧ ಟೀ ಚಮಚ ಉಪ್ಪು; ಉಪ್ಪಿನ ಬೆಣ್ಣೆಯಾದರೆ ಬೇಡ. ನಿಂಬೆರಸ ರುಚಿಗಲ್ಲ, ಹುಳಿ ತಾಗಿದ ಹಿಟ್ಟು ಲಟ್ಟಿಸುವಾಗ ಸುಲಭವಾಗಿ ಹಿಗ್ಗುತ್ತದೆ.

ಬೆಣ್ಣೆಯನ್ನು ಗೋಲಿ ಗಾತ್ರದ ತುಂಡು ಮಾಡಿ ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ. ಆ ಹೊತ್ತಿನಲ್ಲಿ ಒಂದು ದೊಡ್ಡ ಸ್ಟೀಲ್ ತಟ್ಟೆಗೆ ಐಸ್ ಸುರಿದು ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ ಇಡಿ. ಹತ್ತು ನಿಮಿಷಕ್ಕೆ ಕಲ್ಲು ತಣ್ಣಗಾಗುತ್ತದೆ. ತಟ್ಟೆ ಎತ್ತಿ, ಬೆವರಿದ ಕಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ಲಟ್ಟಿಸಿ. ಗ್ರಾನೈಟ್ ತಂಪನ್ನು ಬೇಗ ಬಿಟ್ಟುಕೊಡುವುದಿಲ್ಲ. ಮರದ ಮಣೆಗೆ ಈ ಗುಣವಿಲ್ಲ. ಏಪ್ರಿಲ್ ತಿಂಗಳಲ್ಲಿ ಸೋತ ಮೇಲೆ ನಾನು ಕಲಿತದ್ದು ಇದನ್ನು. ಬೆಳಿಗ್ಗೆ ಏಳರೊಳಗೆ ಒಲೆ ಹಚ್ಚುವ ಮೊದಲು ಈ ಕೆಲಸ ಮುಗಿಸುವುದು ಇನ್ನೂ ಜಾಣತನ.

ಮೈದಾಕ್ಕೆ ಬೆಣ್ಣೆ ತುಂಡು ಹಾಕಿ, ಪ್ರತಿಯೊಂದಕ್ಕೂ ಹಿಟ್ಟು ಮೆತ್ತುವಂತೆ ಬೆರಳ ತುದಿಯಲ್ಲಿ ಅಲ್ಲಾಡಿಸಿ. ಕೋಡುಬಳೆ ಹಿಟ್ಟಿಗೆ ಎಣ್ಣೆ ಉಜ್ಜಿದಂತೆ ಉಜ್ಜಬಾರದು. ಹಾಗೆ ಉಜ್ಜಿದರೆ ಕೋಡುಬಳೆಯ ಕುರುಕಲು ಬರುತ್ತದೆ, ಪದರ ಬರುವುದಿಲ್ಲ. ತುಂಡುಗಳು ತುಂಡಾಗಿಯೇ ಕಾಣುತ್ತಿರಬೇಕು. ನಿಂಬೆರಸ ಬೆರೆಸಿದ ಐಸ್ ನೀರನ್ನು ಸ್ವಲ್ಪ ಸ್ವಲ್ಪ ಚಿಮುಕಿಸಿ ಒಟ್ಟು ಮಾಡಿ. ಈ ಹಂತದಲ್ಲಿ ಅದು ಒಡಕು ಒಡಕಾಗಿ, ಕೆಟ್ಟುಹೋದ ಚಪಾತಿ ಹಿಟ್ಟಿನಂತೆ ಕಾಣುತ್ತದೆ. ಗಾಬರಿ ಬೇಡ, ನಾದುವುದಂತೂ ಬೇಡವೇ ಬೇಡ.

ಕಟ್ಟೆಗೆ ಒಂದಿಷ್ಟು ಮೈದಾ ಉದುರಿಸಿ, ಸುಮಾರು 15 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿ. ಮೊದಲ ಸಲ ಅಂಚು ಹರಿಯುತ್ತದೆ, ಬೆಣ್ಣೆ ಹಳದಿ ಮಚ್ಚೆಗಳಾಗಿ ಇಣುಕುತ್ತದೆ. ಮೂರು ಮಡಿಕೆ ಮಾಡಿ, ಕಾಲು ಸುತ್ತು ತಿರುಗಿಸಿ, ಮತ್ತೆ ಲಟ್ಟಿಸಿ ಮಡಿಸಿ. ಎರಡನೆಯ ಮಡಿಕೆಯ ಹೊತ್ತಿಗೆ ಅದೇ ಒಡಕು ಹಿಟ್ಟು ನಯವಾಗುತ್ತದೆ. ಇದನ್ನು ಕಣ್ಣಾರೆ ನೋಡುವುದೇ ಒಂದು ಸಂತೋಷ. ಈಗ ಬಟ್ಟೆಯಲ್ಲೋ ಡಬ್ಬಿಯಲ್ಲೋ ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಣ್ಣೆ ಗಟ್ಟಿಯಾಗುವುದಷ್ಟೇ ಇದರ ಉದ್ದೇಶವಲ್ಲ. ಲಟ್ಟಿಸಿದಾಗ ಬಿಗಿದುಕೊಂಡ ಗ್ಲುಟೆನ್ ಸಡಿಲವಾಗಬೇಕು. ನೆನೆಯದ ಚಪಾತಿ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದಲ್ಲ, ಅದೇ ಬಿಗಿ ಇದು. ವಿರಾಮ ಕೊಡದೆ ಬೇಯಿಸಿದ ಪಫ್ ಓವನ್‌ನಲ್ಲಿ ಕುಗ್ಗಿ, ಚೌಕಾಕಾರ ಹೋಗಿ ಸೊಟ್ಟಗಾಗುತ್ತದೆ.

ಮತ್ತೆರಡು ಮಡಿಕೆ, ಮತ್ತೊಂದು ಗಂಟೆ ಫ್ರಿಜ್. ಒಟ್ಟು ನಾಲ್ಕು ಮಡಿಕೆ, ಲೆಕ್ಕಕ್ಕೆ 81 ಪದರ. ನಡುವೆ ಯಾವಾಗಲಾದರೂ ಹಿಟ್ಟಿನ ಮೈ ಮಿರಮಿರ ಹೊಳೆದರೆ ಅಥವಾ ಲಟ್ಟಣಿಗೆಗೆ ಅಂಟಿದರೆ ಬೆಣ್ಣೆ ಕರಗುತ್ತಿದೆ ಎಂದೇ ಅರ್ಥ. ಇನ್ನೊಂದಿಷ್ಟು ಮೈದಾ ಉದುರಿಸಿ ಮುಂದುವರಿಯುವುದು ತಪ್ಪು. ಹಾಗೆಯೇ ಎತ್ತಿ ಹತ್ತು ನಿಮಿಷ ಫ್ರಿಜ್‌ಗೆ ಇಡಿ.

ಒಳಗಿನ ಪಲ್ಯ

ಪಫ್ ಹಾಳಾಗುವ ಎರಡನೆಯ ದಾರಿ ಪಲ್ಯದ್ದು. ಬಿಸಿ ಪಲ್ಯ ತುಂಬಿದರೆ ಬೆಣ್ಣೆ ಕರಗುತ್ತದೆ. ನೀರಾದ ಪಲ್ಯ ತುಂಬಿದರೆ ತಳದ ಹಾಳೆ ಒದ್ದೆಯಾಗಿ, ಎಷ್ಟು ಬೇಯಿಸಿದರೂ ಹಸಿ ಹಿಟ್ಟಾಗಿಯೇ ಉಳಿಯುತ್ತದೆ. ದೋಸೆಯೊಳಗಿನ ಆಲೂಗಡ್ಡೆ ಪಲ್ಯ ಎಷ್ಟೇ ರುಚಿಯಾಗಿದ್ದರೂ ಇಲ್ಲಿಗೆ ನೀರು ಹೆಚ್ಚು.

ಇಪ್ಪತ್ತನಾಲ್ಕು ಪುಟ್ಟ ಪಫ್‌ಗೆ ಎರಡು ಆಲೂಗಡ್ಡೆ, ಒಂದು ಕ್ಯಾರೆಟ್, ಒಂದು ಹಿಡಿ ಬೀನ್ಸ್ ಮತ್ತು ಬಟಾಣಿ, ಒಂದು ಈರುಳ್ಳಿ ಬೇಕು. ಎಲ್ಲವನ್ನೂ ಬಟಾಣಿ ಗಾತ್ರಕ್ಕೆ ಹೆಚ್ಚಿ. ಎಣ್ಣೆಗೆ ಸೋಂಪು ಹಾಕಿ, ಈರುಳ್ಳಿ ಬಾಡಿಸಿ, ಹಸಿಮೆಣಸು, ಶುಂಠಿ, ಅರಿಶಿನ, ಗರಂ ಮಸಾಲೆ, ಬೇಯಿಸಿದ ತರಕಾರಿ ಸೇರಿಸಿ ಬಾಣಲೆಯ ತಳ ಒಣಗುವವರೆಗೆ ಹುರಿಯಿರಿ. ಸೋಂಪನ್ನು ಬಿಡಬೇಡಿ. ಬೇಕರಿ ಪಫ್‌ನ ಪರಿಮಳ ಎಂದು ನಮ್ಮ ಮೂಗು ಗುರುತಿಸುವುದರಲ್ಲಿ ಅದರ ಪಾಲು ದೊಡ್ಡದು. ಇನ್ನೂ ತೇವ ಅನಿಸಿದರೆ ಒಂದು ಚಮಚ ಬ್ರೆಡ್ ಪುಡಿ. ಆಮೇಲೆ ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗಿಟ್ಟು, ಪೂರ್ತಿ ಆರಿದ ಮೇಲೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಹಿಟ್ಟಿಗೆ ಉಪ್ಪು ಕಡಿಮೆ, ಹಾಗಾಗಿ ಪಲ್ಯಕ್ಕೆ ಉಪ್ಪು, ಖಾರ ಒಂದು ಚಿಟಿಕೆ ಮುಂದಿರಲಿ.

ಇದೇ ಒಣ ನಿಯಮಕ್ಕೆ ಒಗ್ಗುವ ಇತರ ತಿಂಡಿಗಳೂ ಇವೆ. ಮಂಗಳೂರು ಕಡೆಯ ಕೋಳಿ ಸುಕ್ಕವನ್ನು ಮೂಳೆ ತೆಗೆದು ಬಿಡಿಸಿದರೆ ಪಫ್‌ಗೆ ಹೇಳಿ ಮಾಡಿಸಿದ ಹೂರಣ. ಹೆಸರೇ ಒಣದು ಎನ್ನುತ್ತದೆ. ಎಗ್ ಪಫ್‌ಗೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಮಸಾಲೆಯ ಮೇಲೆ ಅರ್ಧ ಬೇಯಿಸಿದ ಮೊಟ್ಟೆಯಲ್ಲ, ಪೂರ್ತಿ ಬೇಯಿಸಿ ಅರ್ಧಕ್ಕೆ ಕತ್ತರಿಸಿದ ಮೊಟ್ಟೆ. ಪನೀರ್ ಹಾಕುವುದಾದರೆ ಪುಡಿ ಮಾಡಿ ಹುರಿದು ನೀರು ಆರಿಸಿ. ಟೊಮೆಟೊ ಮಾತ್ರ ಎಲ್ಲಿಗೂ ಬೇಡ, ಬೇಕಾದರೆ ಪಕ್ಕದಲ್ಲಿ ಸಾಸ್ ಇರಲಿ.

ಕತ್ತರಿಸುವುದು, ಮಡಿಸುವುದು

ಹಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್‌ನಲ್ಲೇ ಬಿಟ್ಟು, ಇನ್ನೊಂದನ್ನು ಮೂರು ಮಿಲಿಮೀಟರ್ ದಪ್ಪಕ್ಕೆ, 24 ಸೆಂಟಿಮೀಟರ್ ಅಗಲ 32 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿ. 8 ಸೆಂಟಿಮೀಟರಿನ ಹನ್ನೆರಡು ಚೌಕಗಳು ಬರುತ್ತವೆ. ಎರಡೂ ಪಾಲು ಸೇರಿ ಇಪ್ಪತ್ತನಾಲ್ಕು. ತಲೆಗೆ ಮೂರರಂತೆ ಎಂಟು ಜನರಿಗೆ.

ಚಾಕು ಹರಿತವಾಗಿರಬೇಕು, ಮೇಲಿನಿಂದ ಒತ್ತಿ ಒಂದೇ ಏಟಿಗೆ ಕತ್ತರಿಸಬೇಕು. ಮೊಂಡು ಚಾಕುವನ್ನು ಹಿಂದೆ ಮುಂದೆ ಎಳೆದರೆ ಅಂಚಿನ ಪದರಗಳು ಒಂದಕ್ಕೊಂದು ಮೆತ್ತಿಕೊಂಡು ಹೊಲಿಗೆ ಹಾಕಿದಂತಾಗುತ್ತದೆ, ಆವಿಗೆ ಅವನ್ನು ಬಿಡಿಸಲಾಗುವುದಿಲ್ಲ. ಚೌಕದ ನಡುವೆ ಎರಡು ಟೀ ಚಮಚ ಪಲ್ಯ ಇಟ್ಟು, ಎರಡು ಬದಿಗೆ ಬೆರಳಲ್ಲಿ ನೀರು ಸವರಿ, ತ್ರಿಕೋನವಾಗಿ ಮಡಿಸಿ ಮೆಲ್ಲಗೆ ಒತ್ತಿ. ಕರಜಿಕಾಯಿಯ ಹಾಗೆ ಅಂಚು ಮುರಿಗೆ ಹಾಕುವುದು ಬೇಡ. ಆಸೆಗೆ ಬಿದ್ದು ಮೂರು ಚಮಚ ತುಂಬಿದರೆ ಓವನ್‌ನಲ್ಲಿ ಬಾಯಿ ಬಿಡುತ್ತದೆ.

ಮೇಲೆ ಬಣ್ಣ ಬರಲು ಹಾಲು ಅಥವಾ ಹೊಡೆದ ಮೊಟ್ಟೆ ಸವರುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಅಯ್ಯಂಗಾರ್ ಬೇಕರಿಯ ಪರಂಪರೆಯಲ್ಲಿ ಮೊಟ್ಟೆಗೆ ಜಾಗವಿಲ್ಲ. ಆ ದಾರಿ ಹಿಡಿಯುವವರು ಹಾಲಿಗೆ ಸ್ವಲ್ಪ ಕೆನೆ ಬೆರೆಸಿದರೆ ಹೊಳಪು ಬರುತ್ತದೆ. ಏನನ್ನೇ ಸವರಿದರೂ ಅದು ಅಂಚಿನಿಂದ ಇಳಿಯದಂತೆ ನೋಡಿಕೊಳ್ಳಿ. ಬದಿಗೆ ಇಳಿದ ಹಾಲು, ಮೊಟ್ಟೆ ಅಂಟಿನ ಕೆಲಸ ಮಾಡುತ್ತದೆ. ಕೊನೆಗೆ ಇಡೀ ಟ್ರೇಯನ್ನು ಇನ್ನೊಮ್ಮೆ ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಕೈಯ ಬಿಸಿ ತಾಗಿದ ಬೆಣ್ಣೆ ಮತ್ತೆ ಗಟ್ಟಿಯಾಗಲಿ.

ಓವನ್

ಹಳೆಯ ಬೇಕರಿಗಳ ಸೌದೆ ಒಲೆಗೆ ಇಟ್ಟಿಗೆಯ ದಪ್ಪ ಗೋಡೆ. ಬಾಗಿಲು ತೆರೆದರೂ ಆ ಗೋಡೆಯಲ್ಲಿ ಕೂತ ಶಾಖ ಕದಲುವುದಿಲ್ಲ. ಮನೆಯ ಓಟಿಜಿಗೆ ತಗಡಿನ ಗೋಡೆ, ಬಾಗಿಲು ತೆರೆದ ಕೂಡಲೇ ಬಿಸಿ ಹೊರಗೆ. ಹಾಗಾಗಿ 210 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಕಂಬಿ ಹಚ್ಚಿ, ಕನಿಷ್ಠ ಹದಿನೈದು ನಿಮಿಷ ಕಾಯಿಸಿ. ಟ್ರೇ ನಡುವಿನ ಮೆಟ್ಟಿಲಿಗೆ. ಮೊದಲ ಹನ್ನೆರಡು ನಿಮಿಷ ಬಾಗಿಲು ಮುಟ್ಟಬೇಡಿ. ಎದ್ದ ಗೋಡೆ ಇನ್ನೂ ಹಸಿ ಇರುವ ಹೊತ್ತು ಅದು, ತಣ್ಣನೆ ಗಾಳಿ ನುಗ್ಗಿದರೆ ಕೂತುಬಿಡುತ್ತದೆ.

ಆಮೇಲೆ 190ಕ್ಕೆ ಇಳಿಸಿ ಇನ್ನೂ ಹತ್ತು ಹನ್ನೆರಡು ನಿಮಿಷ. ಬಹಳ ಜನ ಎಡವುವುದು ಇಲ್ಲಿ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿತೆಂದು ತೆಗೆಯುತ್ತಾರೆ, ಒಳಗೆ ಹಸಿ. ನೋಡಬೇಕಾದದ್ದು ನೆತ್ತಿಯನ್ನಲ್ಲ, ಬದಿಯನ್ನು. ಪದರಗಳ ನಡುವೆ ಬಿಳಿ ಗೆರೆ ಕಾಣುತ್ತಿದ್ದರೆ ಇನ್ನೂ ಬೇಯಬೇಕು. ಒಂದನ್ನು ಇಕ್ಕಳದಲ್ಲಿ ಎತ್ತಿದರೆ ಗಾತ್ರಕ್ಕೆ ತಕ್ಕ ಭಾರವಿಲ್ಲದೆ ಹಗುರ ಅನಿಸಬೇಕು. ತೆಗೆದ ಮೇಲೆ ಟ್ರೇಯಲ್ಲೇ ಬಿಡದೆ ಜಾಲರಿಯ ಮೇಲಿಡಿ, ಇಲ್ಲವಾದರೆ ಅಡಿಯಲ್ಲಿ ಆವಿ ಬೆವರಾಗಿ ತಳ ಮೆತ್ತಗಾಗುತ್ತದೆ.

ಏರ್ ಫ್ರೈಯರ್‌ನಲ್ಲೂ ಮಾಡಬಹುದು: 180 ಡಿಗ್ರಿ, ಹನ್ನೆರಡರಿಂದ ಹದಿನೈದು ನಿಮಿಷ, ಒಮ್ಮೆಗೆ ನಾಲ್ಕೋ ಐದೋ. ಮೈಕ್ರೋವೇವ್ ಆಗದು. ಅದು ನೀರನ್ನು ಬಿಸಿ ಮಾಡುತ್ತದೆಯೇ ಹೊರತು ಹಿಟ್ಟನ್ನು ಒಣಗಿಸಿ ಕೆಂಪಗೆ ಮಾಡುವುದಿಲ್ಲ. ಕನ್ವೆಕ್ಷನ್, ಅಂದರೆ ಬಿಸಿ ಗಾಳಿ ಸುತ್ತಿಸುವ ಸೌಲಭ್ಯ ಇರುವ ಮೈಕ್ರೋವೇವ್ ಆದರೆ ಆ ಗುಂಡಿ ಒತ್ತಿ ಓವನ್‌ನಂತೆಯೇ ಬಳಸಬೇಕು.

ನೆಂಟರ ಗಡಿಯಾರಕ್ಕೆ ಹೊಂದಿಸುವುದು

ಐದು ಗಂಟೆಗೆ ಬರುತ್ತೇವೆ ಎಂದವರು ಐದಕ್ಕೇ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಯಾರೂ ಅಡುಗೆ ಮಾಡುವುದಿಲ್ಲ. ಇಲ್ಲಿ ಪಫ್‌ನ ತಂಪಿನ ಗುಣ ನಮಗೆ ಅನುಕೂಲ. ಮಡಿಸಿಟ್ಟ ಹಸಿ ಪಫ್‌ಗಳನ್ನು ಹಿಂದಿನ ದಿನವೇ, ಹಿಂದಿನ ವಾರವೇ ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ ಮತ್ತೆ ಫ್ರೀಜರ್‌ಗೆ ಹಾಕಬಹುದು. ಒಂದು ತಿಂಗಳು ಚೆನ್ನಾಗಿರುತ್ತವೆ. ಬೇಯಿಸುವಾಗ ಕರಗಿಸದೆ ನೇರ ಬಿಸಿ ಓವನ್‌ಗೆ, ಸಮಯ ಐದು ನಿಮಿಷ ಹೆಚ್ಚು. ಹೀಗೆ ನೇರ ಹೋದವು ಒಂದು ಕೈ ಮೇಲಾಗಿಯೇ ಉಬ್ಬುತ್ತವೆ, ಬೆಣ್ಣೆಗೆ ಅಡ್ಡದಾರಿ ಹಿಡಿಯಲು ಸಮಯವೇ ಸಿಗುವುದಿಲ್ಲ. ಒಂದು ಟ್ರೇ ಬಂದವರಿಗೆ, ಇನ್ನೊಂದು ತಡವಾಗಿ ಬರುವವರಿಗೆ ಎಂದು ಪಾಲು ಮಾಡಿಕೊಳ್ಳಿ. ನೆಂಟರು ಚಪ್ಪಲಿ ಬಿಡುವ ಹೊತ್ತಿಗೆ ಟ್ರೇ ಒಳಗೆ ಹೋದರೆ, ನೀರು ಕೊಟ್ಟು ಕುಶಲ ವಿಚಾರಿಸುವಷ್ಟರಲ್ಲಿ ಪರಿಮಳ ಬರುತ್ತದೆ.

ಬೆಂದ ಪಫ್ ಆರಿದರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಂದೇ ಗಂಟೆಗೆ. 160 ಡಿಗ್ರಿ ಓವನ್‌ನಲ್ಲಿ ಐದಾರು ನಿಮಿಷ ಇಟ್ಟರೆ ತೇವ ಹೋಗಿ ಮತ್ತೆ ಗರಿಗರಿಯಾಗುತ್ತದೆ. ಬೇಕರಿಯಿಂದ ತಂದದ್ದಕ್ಕೂ ಇದೇ ಉಪಾಯ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಪಲ್ಯದ ನೀರು ಆವಿಯಾಗಿ ಹಾಳೆಗಳೊಳಗೆ ಸೇರಿ ಚರ್ಮದಂತಾಗುತ್ತದೆ.

ಉಳಿದ ಅಂಚು, ಪುಟ್ಟ ಬಟ್ಟಲು

ಚೌಕ ಕತ್ತರಿಸಿದಾಗ ಉಳಿಯುವ ಅಂಚುಗಳನ್ನು ಉಂಡೆ ಕಟ್ಟಬೇಡಿ, ಅಷ್ಟು ಕಷ್ಟಪಟ್ಟು ಮಾಡಿದ ಪದರ ಒಂದೇ ಹಿಡಿಗೆ ಕಲಸಿಹೋಗುತ್ತದೆ. ಒಂದರ ಮೇಲೊಂದು ಪೇರಿಸಿ, ತಣ್ಣಗೆ ಮಾಡಿ ಲಟ್ಟಿಸಿ. ಓಂಕಾಳು, ಎಳ್ಳು, ಮೆಣಸಿನಪುಡಿ ಉದುರಿಸಿ, ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ತುದಿ ಹಿಡಿದು ತಿರುಚಿದರೆ ಖಾರದ ಕೋಲುಗಳಾಗುತ್ತವೆ. ಚೀಸ್ ಇಷ್ಟಪಡುವ ಮಕ್ಕಳಿದ್ದರೆ ಅದನ್ನೂ ತುರಿದು ಹಾಕಬಹುದು. ಹಾಳೆಯ ತುಂಬ ಗಟ್ಟಿ ಪುದೀನ ಚಟ್ನಿಯನ್ನೋ, ತುಪ್ಪದಲ್ಲಿ ಕಲಸಿದ ಚಟ್ನಿಪುಡಿಯನ್ನೋ ತೆಳ್ಳಗೆ ಸವರಿ, ಚಾಪೆಯಂತೆ ಸುತ್ತಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಬೆರಳು ದಪ್ಪದ ಬಿಲ್ಲೆ ಕತ್ತರಿಸಿದರೆ ಸುರುಳಿ.

ಬಟ್ಟಲು ಬೇಕೆಂದರೆ ಹಾಳೆಯಿಂದ ಎರಡು ದುಂಡು ಬಿಲ್ಲೆ ಕತ್ತರಿಸಿ. ಒಂದನ್ನು ಮುಳ್ಳುಚಮಚದಿಂದ ಚುಚ್ಚಿ. ಚುಚ್ಚಿದ ತೂತಿನಲ್ಲಿ ಆವಿ ಹೊರಬೀಳುವುದರಿಂದ ಅದು ಏಳುವುದಿಲ್ಲ, ತಳವಾಗುತ್ತದೆ. ಇನ್ನೊಂದರ ನಡುವನ್ನು ತೆಗೆದು ಬಳೆ ಮಾಡಿ ಅದರ ಮೇಲೆ ಕೂರಿಸಿ. ಬಳೆಯಷ್ಟೇ ಏಳುತ್ತದೆ, ನಡುವೆ ಗುಳಿ ಉಳಿಯುತ್ತದೆ. ಫ್ರಾನ್ಸಿನಲ್ಲಿ ಇದರ ಹೆಸರು ವೋಲೋವಾಂ, ಗಾಳಿಯಲ್ಲಿ ಹಾರುವಷ್ಟು ಹಗುರ ಎಂಬ ಅರ್ಥದ ಮಾತು. ಇದಕ್ಕೆ ಮಾತ್ರ ಜೋಳದ ಕಾಳು, ಅಣಬೆ ಬೆರೆಸಿದ ಬಿಳಿ ಸಾಸ್‌ನಂಥ ರಸವುಳ್ಳ ಪದಾರ್ಥ ತುಂಬಬಹುದು, ಯಾಕೆಂದರೆ ಬಟ್ಟಲು ಆಗಲೇ ಬೆಂದು ಗಟ್ಟಿಯಾಗಿರುತ್ತದೆ. ತುಂಬಿದ ಮೇಲೆ ಹತ್ತು ನಿಮಿಷದೊಳಗೆ ತಟ್ಟೆ ನೆಂಟರ ಮುಂದಿರಬೇಕು.